ಮರ್ಯಾದೆ ಡಬ್ಬಿ

ಪಟ್ಟಂದೂರು ಅಗ್ರಹಾರ
6-6-2011

ಶೈಲಾಗೆ ನಿನ್ನ ಭಾಗ್ಯಕ್ಕನ ಆಶೀರ್ವಾದ.

ಇಲ್ಲಿ ನಾವೆಲ್ಲ ಚೆನ್ನಾಗಿದೀವಿ. ನಿನ್ನ ಮೈ ಎಂಗೈತೆ? ಏಳು ತಿಂಗಳ ಬಸುರಿ, ಬೆಂಗಳೂರಿಂದ ಅಮೀನಗಡಕ್ಕೆ ಅಷ್ಟು ದೂರ ಬಸ್ಸಲ್ಲಿ ಹೋದ್ಯಲ್ಲ, ಸೊಂಟ ಹಿಡ್ಕಂಡಿಲ್ಲ ತಾನೆ? ನಿಮ್ಮಣ್ಣನ ನಂಬರಿಗೆ ಫೋನ್ ಮಾಡಿದ್ದೆ. ಒಂದ್ಸಲ ನಿಮ್ಮಣ್ಣ ಎತ್ತಿದ್ರು, ಇನ್ನೊಂದ್ಸಲ ಯಾರೋ ಹುಡುಗ. ನಂಗೆ ಮಾತಾಡಬೇಕಾಗಿರೋದು ನಿನ್ ಹತ್ರ, ಅದೂ ಮನೆ ವಿಷಯ. ಇಲ್ಲಿ ನಾನು ಫೋನ್ ಹಿಡಿದ್ರೆ ನಮ್ಮೋರು ಜಗಲಿಯಿಂದ್ಲೇ ‘ಯಾರಮ್ಮೀ ಅದು’ ಅಂತಾರೆ. ಅದಕ್ಕೇ ಕಾಗದ. ಏಳ್ನೇ ಕ್ಲಾಸು ಓದಿದ್ದು ಇದಕ್ಕಾದ್ರೂ ಆಗಲಿ.

ವಿಷಯ ಏನಪ್ಪಾ ಅಂದ್ರೆ, ನೀನು ನಮ್ಮ ದೀಪು ಕಂಪ್ಯೂಟರಿಗೆ ಹಾಕ್ಕೊಟ್ಟು ಹೋದ್ಯಲ್ಲ, ಮನೆ ಬಜೆಟ್ ಸಾಫ್ಟ್‌ವೇರು, ಅದನ್ನ ನಾನೇ ಓಪನ್ ಮಾಡ್ದೆ ಕಣೇ! ದೀಪು ‘ಅಮ್ಮಾ, ನನ್ ಗೇಮ್ ಹಾಳಾಯ್ತದೆ’ ಅಂತ ಹಿಂದೇನೇ ನಿಂತಿದ್ದ. ಮಗಳು ದಿವ್ಯಾ ಅವನನ್ನ ಆಚೆ ಕಳಿಸಿ ಇಂಗ್ಲಿಷು ಓದಿ ಹೇಳಿದ್ಲು. ಮೌಸು ಇನ್ನೂ ನನ್ನ ಕೈಗೆ ಬತ್ತಿಲ್ಲ, ಕೋಳಿ ಮರಿ ಹಿಡ್ದಂಗಾಯ್ತದೆ.

ನಿಮ್ಮದೂ ಸೇರಿ ಹದಿನಾಲ್ಕು ರೂಮಿನ ಬಾಡಿಗೆ ಬತ್ತದೆ, ನಾಕು ಹಸ ಹಾಲು ಕೊಡ್ತವೆ. ಆದ್ರೂ ಇಪ್ಪತ್ತನೇ ತಾರೀಕು ದಾಟಿದ್ರೆ ನಾನು ಅಂಗಡೀಲಿ ಸಾಲ ಬರೆಸ್ತೀನಿ ಅಂದ್ರೆ ಯಾರು ನಂಬ್ತಾರೆ? ನೀನೊಬ್ಳೇ ನಂಬಿದ್ದು. ನಮ್ಮ ಹೊಲ ಎಲ್ಲ ಹೋಗಿ ಗಾಜಿನ ಕಟ್ಟಡ ಬಂತು. ಬಂದ ದುಡ್ಡಲ್ಲಿ ಈ ರೂಮುಗಳು ಎದ್ವು, ಮಿಕ್ಕಿದ್ದು ಎಲ್ಲಿ ಹೋಯ್ತೋ ಶಿವನಿಗೇ ಗೊತ್ತು. ಉಳಿದಿರೋದು ಬಾವಿ ಹತ್ರದ ಎಂಟು ಗುಂಟೆ. ಅಲ್ಲೇ ನನ್ನ ಕೊಟ್ಟಿಗೆ, ಅಲ್ಲೇ ಹುಲ್ಲು. ಮೊನ್ನೆ ಮುದ್ದೆ ಮುರೀತಾ ನಮ್ಮೋರು, ‘ಆ ಎಂಟು ಗುಂಟೆ ಇಟ್ಕಂಡು ಏನ್ಮಾಡಾಣ, ನಂಜಪ್ಪ ಒಳ್ಳೇ ರೇಟು ಹೇಳ್ತಾವ್ನೆ, ಪೀಜಿ ಹಾಸ್ಟೆಲ್ಲು ಕಟ್ತಾರಂತೆ’ ಅಂದ್ರು. ನಂಜಪ್ಪ ಗೊತ್ತಲ್ಲ, ಹೋಪ್ ಫಾರಂ ಹತ್ರ ಆಫೀಸು ಇಟ್ಟಿರೋ ಬ್ರೋಕರು. ಜಾಗ ಹೋದ್ರೆ ಹಸ ಎಲ್ಲಿ ಕಟ್ಟಲಿ? ಹಾಲಿನ ದುಡ್ಡೊಂದೇ ಅಲ್ವಾ ನಾನು ಯಾರನ್ನೂ ಕೇಳ್ದೆ ಖರ್ಚು ಮಾಡೋದು?

ಎಲ್ಲಿಂದ ಸುರು ಮಾಡಲಿ, ಬರಿ.

ನಿನ್ನ
ಭಾಗ್ಯಕ್ಕ


ಅಮೀನಗಡ
19-6-2011

ಭಾಗ್ಯಕ್ಕಾರಿಗೆ ಶೈಲಶ್ರೀಯ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟಿತು. ನಾನು ಆರಾಮ ಅದೀನ್ರಿ. ಅವ್ವ ದಿನಾ ಒಂದು ಬಟ್ಟಲಾ ತುಪ್ಪ ಕುಡಸಾಕತ್ತಾಳ, ಬಾಗಿಲಾ ಸಣ್ಣವಾಗ್ಯಾವು ಅನಸತೈತಿ. ಪತ್ರ ಬರದದ್ದು ಚಲೋ ಆತು. ಇಲ್ಲಿ ಫೋನ್ ಬಂದ್ರ ಮನಿ ಮಂದಿಯೆಲ್ಲಾ ಕಿವಿ ಕೊಟ್ಟು ಕುಂದರತಾರ.

ಎಲ್ಲಿಂದ ಸುರು ಮಾಡ್ಲಿ ಅಂದ್ರಲ್ಲ. ಮೊದಲ ಒಂದು ತಿಂಗಳ ಯಾರಿಗೂ ಏನೂ ಅನಬ್ಯಾಡ್ರಿ. ಹೋಗೋ ರೊಕ್ಕ ಹೋಗಲಿ. ನೀವು ಬರೇ ತುಂಬಕೋತ ಹೋಗ್ರಿ. ಎಡಗಡೆ ಬರೋದು, ಬಲಗಡೆ ಹೋಗೋದು. ಅದರಾಗ ಇರೋ ಇಂಗ್ಲಿಷ್ ಹೆಸರು ತಗದು ನಿಮಗ ಬೇಕಾದ ಹೆಸರು ಕೊಡ್ರಿ. ನಾನು ಅವಕ್ಕ ಡಬ್ಬಿ ಅಂತೀನಿ. ಆಕಳ ಹಿಂಡಿ ಡಬ್ಬಿ, ಕರೆಂಟ್ ಡಬ್ಬಿ, ಟ್ಯಾಂಕರ್ ನೀರಿನ ಡಬ್ಬಿ. ಎರಡನೇ ತಿಂಗಳಿಂದ, ರೊಕ್ಕ ಕೈಗೆ ಬಂದ ದಿನಾನ ಅದನ್ನ ಡಬ್ಬಿಗಳಿಗೆ ಹಂಚಿಬಿಡ್ರಿ. ಒಂದೊಂದು ರೂಪಾಯಿಗೂ ಕೆಲಸ ಹಚ್ಚಿ ಕಳಸ್ರಿ. ಕೆಲಸ ಇಲ್ಲದ ರೂಪಾಯಿ ಓಣಿ ತಿರಗಾಕ ಹೋಗತೈತಿ. ಡಬ್ಬಿ ಖಾಲಿ ಆದ್ರ ಅದು ಕೆಂಪಾಗಿ ತೋರಸತೈತಿ. ಕೆಂಪು ಕಂಡ್ರ ಹೆದರಬ್ಯಾಡ್ರಿ, ಸಿಟ್ಟೂ ಮಾಡಬ್ಯಾಡ್ರಿ. ಬ್ಯಾರೆ ಯಾವ ಡಬ್ಬಿಯಿಂದ ತಗೀತೀನಿ ಅಂತ ಕೇಳಕೋರಿ.

ನಮ್ಮ ಮನಿ ಲೆಕ್ಕಾನೂ ಅದೇ ಕಂಪ್ಯೂಟರಿನ್ಯಾಗ ಐತಿ. ನಮ್ಮವರು ರವಿವಾರ ಬಂದು ತುಂಬತಾರ, ಬ್ಯಾಸರ ಮಾಡಕೋಬ್ಯಾಡ್ರಿ. ಅದರಾಗ ಹೆಸರಿಲ್ಲದ ಡಬ್ಬಿ ಒಂದೈತಿ. ಏನಂತ ಅವರನ್ನ ಕೇಳಬ್ಯಾಡ್ರಿ, ನಾನ ಒಂದು ದಿನ ಹೇಳ್ತೀನಿ.

ನಿಮ್ಮ
ಶೈಲಶ್ರೀ


ಪಟ್ಟಂದೂರು ಅಗ್ರಹಾರ
1-8-2011

ಶೈಲಾಗೆ ಆಶೀರ್ವಾದ.

ಆಷಾಢ ಪೂರ್ತಿ ಬಾಯಿ ಮುಚ್ಕಂಡು ತುಂಬಿದೀನಿ ಕಣೇ. ಎಷ್ಟು ಕಷ್ಟ ಅಂತೀಯ! ನಿನ್ನೆ ದಿವ್ಯಾ ಒಂದು ಗುಂಡಿ ಒತ್ತಿದ್ಲು, ಬಣ್ಣ ಬಣ್ಣದ ದುಂಡನೆ ಚಿತ್ರ ಬಂತು. ಹೋಳಿಗೆ ಕುಯ್ದಂಗೆ ತುಂಡು ತುಂಡು. ಅರ್ಧಕ್ಕಿನ್ನ ಜಾಸ್ತಿ ಒಂದೇ ತುಂಡು. ಅದಕ್ಕೆ ನಾನು ‘ಇವರು’ ಅಂತ ಹೆಸರಿಟ್ಟಿದ್ದೆ. ಕದ್ದು ಮುಚ್ಚಿ ಮಾಡಿದ್ದು ಒಂದೂ ಇಲ್ಲ. ಎಲ್ಲಾ ನಾನು ಕಣ್ಣಾರೆ ಕಂಡಿದ್ದೇ. ಮದುವೆ ಮದುವೆಗೂ ಬೆಳ್ಳಿ ಲೋಟ, ಗೃಹಪ್ರವೇಶಕ್ಕೆ ಸೀಲಿಂಗ್ ಫ್ಯಾನು, ಹುಡುಗ್ರ ಟೂರ್ನಮೆಂಟಿಗೆ ಆಳೆತ್ತರದ ಕಪ್ಪು, ಜಗಲಿ ಮೇಲೆ ಕುಂತೋರಿಗೆಲ್ಲ ಬಿರಿಯಾನಿ. ಒಂದೊಂದೂ ಚಿಕ್ಕದೇ. ಒಟ್ಟಿಗೆ ಕಂಡಾಗ ದಿವ್ಯಾಗೆ ಇನ್ನೊಂದ್ಸಲ ಕೂಡು ಅಂದೆ.

ಅವರನ್ನೇ ಕರೆದು ತೋರಿಸ್ದೆ. ನಕ್ಬುಟ್ರು. ‘ನಂದೇ ದೊಡ್ಡದಲ್ವಾ’ ಅಂತ ಮೀಸೆ ತಿರುವಿದ್ರು. ಆಮೇಲೆ ಮೆಲ್ಲಗೆ ಹೇಳ್ತಾರೆ, ಆ ಎಂಟು ಗುಂಟೆಗೆ ಅಂತ ನಂಜಪ್ಪನ ಹತ್ರ ಎರಡು ಲಕ್ಷ ಟೋಕನ್ ಅಡ್ವಾನ್ಸು ಆಗ್ಲೇ ಇಸ್ಕಂಡವ್ರಂತೆ! ಇಸ್ಕಂಡು, ತಮ್ಮನ ಮಗಳ ಮದುವೆಗೆ ಕೊಟ್ಟೂ ಆಗೈತೆ. ಡಿಸೆಂಬರ್ ಮುಗಿಯೋದ್ರೊಳಗೆ ಟೋಕನ್ ವಾಪಸ್ ಕೊಟ್ರೆ ಸರಿ, ಇಲ್ದಿದ್ರೆ ಜನವರೀಲಿ ರಿಜಿಸ್ಟ್ರಿ.

‘ವಾಪಸ್ ಕೊಡಾಣ’ ಅಂದೆ.

‘ಎಲ್ಲಿಂದ ತತ್ತೀಯ? ನಿನ್ ಕಂಪ್ಯೂಟರ್ ಉಗುಳ್ತದಾ?’

ಅಳು ಬಂತು, ಆದ್ರೆ ಅಳ್ಲಿಲ್ಲ. ಕುಂತ್ಕಂಡು ಯೋಚನೆ ಮಾಡ್ದೆ. ಬಲಗಡೆ ಮುಟ್ಟಿದ್ರೆ ಮನೇಲಿ ಯುದ್ಧ. ಅದಕ್ಕೇ ಎಡಗಡೆ ನೋಡ್ದೆ. ದಾರಿ ಸಿಗ್ತು! ತಿಂಗಳಿಗೆ ಏಳು ಸಾವಿರ ಜಾಸ್ತಿ ಬರೋ ದಾರಿ. ಎರಡು ಲಕ್ಷಕ್ಕೆ ಅದೊಂದೇ ಸಾಲಲ್ಲ, ಆದ್ರೂ ಸುರುವಾಯ್ತು. ನೀನು ಕಲಿಸಿದ್ದು ದಂಡ ಆಗ್ಲಿಲ್ಲ ಅಂತ ನಿಂಗೂ ಖುಷಿ ಆಯ್ತದೆ. ಮಿಕ್ಕಿದ್ದು ಎದುರಿಗೇ ಹೇಳ್ತೀನಿ.

ಹೆರಿಗೆ ಹತ್ರ ಬಂತು. ಒಬ್ಳೇ ಓಡಾಡಬೇಡ.

ನಿನ್ನ
ಭಾಗ್ಯಕ್ಕ

(ನಿನ್ನ ಹೆಸರಿಲ್ಲದ ಡಬ್ಬಿ ಬಂಗಾರದ ಬಳೆಗೆ ತಾನೆ? ನಾನು ಕಂಡು ಹಿಡಿದೆ!)


ಅಮೀನಗಡ
13-8-2011

ಭಾಗ್ಯಕ್ಕಾರ,

ಪತ್ರ ಓದಿ ಎಷ್ಟು ಖುಷಿ ಆತು ಹೇಳ್ಲಿ! ಅವ್ವಗ ಓದಿ ಹೇಳಿದೆ. ‘ನಿಮ್ಮ ಮಾಲಕರು ಭಾಳ ಶ್ಯಾಣ್ಯಾರ ಅದಾರ’ ಅಂದ್ಲು. ನನಗ ಗೊತ್ತಾತು ಬಿಡ್ರಿ, ನೀವು ಇನ್ನೆರಡು ಆಕಳಾ ತಗೊಂಡೀರಿ. ಹೌದಲ್ಲ? ಎಂಟು ಗುಂಟೆ ಉಳೀತೈತಿ, ನೋಡ್ತಿರ್ರಿ.

ಒಂದು ಮಾತು. ನಮ್ಮವರು ಫೋನಿನ್ಯಾಗ ‘ಊಟ ಆತು, ಆರಾಮ ಅದೀನಿ’ ಅಂತ ಬಿಟ್ರ ಬ್ಯಾರೆ ಹೇಳೂದಿಲ್ಲ. ಹೂಡಿ ಫ್ಯಾಕ್ಟರಿಗೆ ನಡಕೋತ ಹೊಕ್ಕಾರೋ ಬಸ್ಸಿಗೋ, ಅದೂ ಗೊತ್ತಿಲ್ಲ. ಮನಿ ಮುಂದ ಹಾಯ್ದಾಗ ಒಂಚೂರು ನೋಡಕೋರಿ.

ಕಾಲು ಬಾತಾವು, ಹೆಚ್ಚು ಬರಿಯಾಕ ಆಗವಲ್ದು.

ಶೈಲಶ್ರೀ


ಪಟ್ಟಂದೂರು ಅಗ್ರಹಾರ
12-9-2011

ಶೈಲಾ, ನನ್ನ ಬಂಗಾರಾ,

ಹೆಣ್ಣು ಮಗು ಅಂತ ನಿಮ್ಮ ವಠಾರದ ಹೊಳೆವ್ವ ಬಂದು ಹೇಳಿದ್ಲು. ನಿನ್ನ ಗಂಡ ರೂಮು ರೂಮಿಗೂ ಪೇಡೆ ಹಂಚಿದ್ನಂತೆ. ನಮ್ಮನೆಗೆ ಯಾಕೋ ಬರ್ಲಿಲ್ಲ. ನಾಚಿಕೆ ಇರಬೇಕು. ಭಾನುವಾರ ಲೆಕ್ಕ ತುಂಬಕ್ಕೂ ಒಂದು ತಿಂಗಳಿಂದ ಬಂದಿಲ್ಲ, ಓವರ್‌ಟೈಮ್ ಮಾಡ್ತಾವ್ನೇನೋ. ಅವರೆಕಾಳು ಸಾರು ಕೊಟ್ಟು ಕಳಿಸಿದ್ದೆ. ಪಾತ್ರೆ ತೊಳೆದು ಬಾಗಿಲಲ್ಲಿ ಇಟ್ಟು ಹೋಗವ್ನೆ, ಒಂದು ಮಾತೂ ಆಡ್ದಂಗೆ. ಒಳ್ಳೇ ಹುಡುಗ, ಮಾತು ಕಮ್ಮಿ.

ಮಗೀಗೆ ಎರಡು ಜುಬ್ಬ, ಒಂದು ಟೋಪಿ ಕಳಿಸ್ತಿದೀನಿ. ನಿಂಗೆ ಹಸಿ ಮೈ, ತಲೆಗೆ ಬಟ್ಟೆ ಕಟ್ಕೋ, ತಣ್ಣೀರು ಮುಟ್ಟಬೇಡ.

ಎರಡು ತಿಂಗಳಿಂದ ಏಳೇಳು ಸಾವಿರ ಬ್ಯಾಂಕಿಗೆ ಹಾಕಿದೀನಿ. ‘ಎಂಟು ಗುಂಟೆ’ ಅಂತ ಡಬ್ಬಿ ಮಾಡಿದೀನಿ, ಹಸ್ರು ಬಣ್ಣ ತೋರ್ಸ್ತದೆ. ಹಸ ಗಿಸ ಏನೂ ತಗೊಂಡಿಲ್ಲ ಕಣೇ ಹುಚ್ಚಿ, ಒಂದು ಮಾತು ಹೇಳ್ದೆ, ದುಡ್ಡು ಬಂತು, ಅಷ್ಟೇ.

ಮಗು ಯಾರ ತರ ಐತೆ? ಮೂಗು ಹೇಳು.

ಭಾಗ್ಯಕ್ಕ


ಅಮೀನಗಡ
9-10-2011

ಮನೆ ಮಾಲಕರಾದ ಭಾಗ್ಯಮ್ಮನವರಿಗೆ ಶೈಲಶ್ರೀ ಮಾಡುವ ನಮಸ್ಕಾರಗಳು.

ಜುಬ್ಬ, ಟೋಪಿ ಮುಟ್ಟಿದವು.

ನಮ್ಮ ಮನೆಯವರು ಎರಡು ತಿಂಗಳಿಂದ ರೊಕ್ಕ ಕಮ್ಮಿ ಕಳಿಸಾಕತ್ತಿದ್ರು. ಕೇಳಿದ್ರ ‘ಏನಿಲ್ಲ’ ಅಂದ್ರು. ಕೂಸಿನ ಮ್ಯಾಲೆ ಆಣಿ ಹಾಕಿಸಿದ ಮ್ಯಾಲೆ ಹೇಳಿದ್ರು. ಅಗಸ್ಟಿನಿಂದ ಬಾಡಿಗಿ ಐದುನೂರು ಏರೈತಿ ಅಂತ. ಖೋಲಿ ಖೋಲಿಗೆ ನೀವ ಹೋಗಿ ಹೇಳೀರಿ ಅಂತ. ಹದಿನಾಲ್ಕು ಖೋಲಿ, ಐದೈದು ನೂರು, ಏಳು ಸಾವಿರ. ಲೆಕ್ಕ ಬರೋಬ್ಬರಿ ಐತಿ.

ನಾನು ಇಲ್ಲಿ ಕುಂತು ಆಕಳಾ ಬಂದಾವು ಅಂತ ಕುಣದಾಡಿದೆ. ಅವ್ವಗ ನಿಮ್ಮನ್ನ ಹೊಗಳಿದೆ. ನಾನು ಕಲಿಸಿದ್ದು ನನ್ನ ಗಂಡನ ಮುಂಜಾನಿ ನಾಷ್ಟಾ ತಿಂದೈತಿ. ಹೌದ್ರಿ, ಅವರು ನಾಷ್ಟಾ ಬಿಟ್ಟಾರ. ಅದಕ್ಕ ನಿಮ್ಮ ಮನಿಗೆ ಬರಾಕ ಮುಖ ಇಲ್ಲದಂಗಾಗೈತಿ ಅವರಿಗೆ. ತಪ್ಪು ಅವರದಲ್ಲ, ಆದರೂ ಅವರಿಗೇ ನಾಚಿಕಿ.

ನಿಮ್ಮ ಚಿತ್ರದಾಗಿನ ದೊಡ್ಡ ತುಂಡು ಯಾವುದು ಅಂತ ನಿಮಗ ಕಂಡಿತ್ತು. ಅದನ್ನ ಮುಟ್ಟಾಕ ಅಂಜಿಕಿ ಬಂತು. ನಮ್ಮನ್ನ ಮುಟ್ಟಾಕ ಅಂಜಿಕಿ ಬರಲಿಲ್ಲ.

ಹೆಸರಿಲ್ಲದ ಡಬ್ಬಿ ಬಂಗಾರದ ಬಳಿಗೆ ಅಲ್ಲ. ಲೀಸ್ ಮನಿಗೆ ಕೂಡಿಸಿದ್ದು. ಒಂದ ಸರ್ತಿ ರೊಕ್ಕ ಕೊಟ್ಟು, ತಿಂಗಳ ಬಾಡಿಗಿ ಇಲ್ಲದ ಇದ್ದು, ಬಿಡುವಾಗ ಇಡಿಯಾಗಿ ವಾಪಸ್ ತಗೊಳ್ಳೋ ಮನಿ. ಒಳಗ ನೀರು, ಒಳಗ ಬಚ್ಚಲಾ ಇರೋ ಮನಿ. ಕೂಸನ್ನ ಎತ್ತಿಕೊಂಡು ಪಾಯಖಾನಿ ಮುಂದ ಪಾಳಿ ಹಚ್ಚೋದು ನನ್ನಿಂದ ಆಗೂದಿಲ್ಲ. ನಿಮ್ಮನ್ನ ಬಿಟ್ಟು ಹೋಗ್ತೀವಿ ಅಂತ ಹೇಳಾಕ ಮನಸು ಬಂದಿರಲಿಲ್ಲ. ಈಗ ಬಂತು. ಸಂಕ್ರಾಂತಿ ಹೊತ್ತಿಗೆ ಖೋಲಿ ಬಿಡ್ತೀವಿ.

ಶೈಲಶ್ರೀ ಪರಮಾನಂದ


ಪಟ್ಟಂದೂರು ಅಗ್ರಹಾರ
15-10-2011

ಶೈಲಶ್ರೀಗೆ,

ನಿನ್ನ ಕಾಗದ ಬಂತು. ಸುತ್ತಮುತ್ತ ಎಲ್ಲಾ ಕಡೆ ಬಾಡಿಗೆ ಏರೈತೆ. ನಮ್ಮದೇ ಕಮ್ಮಿ ಇದ್ದಿದ್ದು. ನಾನೇನು ಯಾರ ಮನೇನೂ ದೋಚ್ಲಿಲ್ಲ. ನನ್ನ ಜಾಗ ಹೋಯ್ತಾ ಐತೆ, ನನ್ನ ಸಂಕಟ ನಂಗೆ.

ಖಾಲಿ ಮಾಡಂಗಿದ್ರೆ ಮಾಡಿ. ಅಡ್ವಾನ್ಸು ಪೂರ್ತಿ ವಾಪಸ್ ಕೊಡ್ತೀನಿ.

ಭಾಗ್ಯಮ್ಮ


ಪಟ್ಟಂದೂರು ಅಗ್ರಹಾರ
2-11-2011

ಶೈಲಾಗೆ ಭಾಗ್ಯಕ್ಕ ಬರೆಯೋದು.

ಹೋದ ಕಾಗದ ಹರಿದ್ಹಾಕು. ಅದನ್ನ ಪೋಸ್ಟ್ ಡಬ್ಬಕ್ಕೆ ಹಾಕಿ ಬರೋವಾಗ್ಲೇ ಕಾಲು ಭಾರ ಆಗಿತ್ತು.

ದೀಪಾವಳಿ ಹಿಂದಿನ ದಿನ ಹೊಳೆವ್ವನ ರೂಮಿಗೆ ಹೋಗಿದ್ದೆ. ಪಾಪ, ಐಟಿ ಪಾರ್ಕಲ್ಲಿ ನೆಲ ಒರೆಸೋಳು, ಯಾವತ್ತೂ ಬಾಡಿಗೆ ತಡ ಮಾಡ್ದೋಳಲ್ಲ. ಆ ತಿಂಗಳದ್ದು ಬಂದಿರ್ಲಿಲ್ಲ. ಸಂಜೆ ಆರಾದ್ರೂ ಬೀಗ. ಅವಳ ಮಗಳು ಮೆಟ್ಲ ಮೇಲೆ ಕುಂತಿತ್ತು. ಏಳು ಗಂಟೆಗೆ ಓಡೋಡ್ತಾ ಬಂದ್ಲು.

‘ತಡಾ ಆತ್ರಿ ಅಮ್ಮಾರ. ಸಂಜಿಗೆ ಒಂದು ಮನಿ ಪಾತ್ರಿ ತಿಕ್ಕೋ ಕೆಲಸ ಹಿಡಿದೀನಿ. ನಾಳಿ ಬಾಡಿಗಿ ತಂದು ಕೊಡ್ತೀನಿ.’

‘ಯಾಕೆ ಹೊಳೆವ್ವ, ಒಂದು ಕೆಲಸ ಸಾಲ್ದಾ?’

‘ಐದುನೂರು ಏರಿತಲ್ರಿ. ನಿಮ್ಮ ಮ್ಯಾಲೇನೂ ಸಿಟ್ಟಿಲ್ರಿ, ಸುತ್ತಮುತ್ತ ಎಲ್ಲಾ ಕಡೆ ಏರೈತಿ.’

ನಾನು ನಿಂಗೆ ಬರೆದಿದ್ದ ಮಾತು ಕಣೇ ಅದು. ಅವಳ ಬಾಯಲ್ಲಿ ಬಂದಾಗ, ಬಾಡಿಗೆ ಆಮೇಲೆ ಕೊಡು ಅಂತ ಅಲ್ಲಿಂದ ಹೊರಟೆ.

ಮನೆಗೆ ಬಂದ್ರೆ ಜಗಲಿ ತುಂಬ ಹುಡುಗ್ರು. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಮಾಡಿಸ್ತಾರಂತೆ, ನಮ್ಮೋರು ‘ಇಪ್ಪತ್ತು ಸಾವಿರ ಬರ್ಕಳ್ರಲಾ’ ಅಂತಾವ್ರೆ. ನಾನು ಒಳಕ್ಕೆ ಕರೆದೆ. ದಿವ್ಯಾ ಕಂಪ್ಯೂಟರ್ ಮುಂದೆ ಕುಂತಿದ್ಲು. ಈ ಸಲ ದುಂಡು ಚಿತ್ರ ತೋರಿಸ್ಲಿಲ್ಲ. ಇದ್ದಿದ್ದನ್ನ ಇದ್ದಂಗೆ ಹೇಳ್ದೆ.

‘ಆ ಹುಡುಗ್ರಿಗೆ ಇಲ್ಲ ಅನ್ನಿ.’

‘ರಾಮಾಂಜಿನಪ್ಪ ಇಲ್ಲ ಅಂದ ಅನ್ನಿಸ್ಕಬೇಕಾ? ಊರಲ್ಲಿ ನಂಗೊಂದು ಮರ್ಯಾದೆ ಐತೆ ಕಣಮ್ಮಿ.’

‘ನಿಮ್ಮ ಮರ್ಯಾದೆಗೆ ಹೊಳೆವ್ವ ಪಾತ್ರೆ ತಿಕ್ತಾವ್ಳೆ. ಗೊತ್ತಾ? ಶೈಲಾ ಗಂಡ ತಿಂಡಿ ಬಿಟ್ಟವ್ನೆ. ಬಾಡಿಗೆ ಏರಿಸಿದ್ದು ನಾನು. ಯಾಕೆ ಏರಿಸ್ದೆ? ನಿಮ್ಮನ್ನ ಕೇಳಕ್ಕೆ ಧೈರ್ಯ ಇರ್ಲಿಲ್ಲ, ಅದಕ್ಕೆ. ಇವತ್ತು ಕೇಳ್ತೀನಿ.’

ಅವರು ಬಾಗಿಲು ಕಡೆ ನೋಡಿದ್ರು, ಆಚೆ ಕುಂತೋರಿಗೆ ಕೇಳಿಸ್ತೇನೋ ಅಂತ. ಕೇಳಿಸ್ಲಿ ಅಂತ್ಲೇ ನಾನು ಜೋರಾಗಿ ಅಂದಿದ್ದು.

‘ಮರ್ಯಾದೆಗೆ ತಿಂಗಳಿಗೆ ಎಷ್ಟು ಬೇಕು ಹೇಳಿ. ಡಬ್ಬಿ ಮಾಡಾಣ.’

‘ತಮಾಷೆ ಮಾಡ್ತೀಯಾ?’

‘ಇಲ್ಲ. ಹಿಂಡಿಗೆ ಐತೆ, ಕರೆಂಟಿಗೆ ಐತೆ, ಮರ್ಯಾದೆಗೂ ಒಂದು ಇರ್ಲಿ. ಅದ್ರಲ್ಲಿರೋದು ನಿಮ್ದು. ಯಾರಿಗಾದ್ರೂ ಕೊಡಿ, ಬಿರಿಯಾನಿ ತಿನ್ಸಿ, ನಾನು ತುಟಿ ಬಿಚ್ಚಲ್ಲ. ಖಾಲಿಯಾದ್ರೆ ಮುಂದಿನ ತಿಂಗಳು.’

‘ಒಪ್ಪಲ್ಲ ಅಂದ್ರೆ?’

‘ನಾಳೆಯಿಂದ ಬಾಡಿಗೆ ನೀವೇ ವಸೂಲಿ ಮಾಡಿ. ಸೆಗಣಿ ನೀವೇ ಬಾಚಿ, ಹಸಾನೂ ನೀವೇ ಕರೀರಿ. ನಾನು ದಿವ್ಯಾನ ಕರ್ಕಂಡು ನನ್ನ ತಮ್ಮನ ಮನೆಗೆ ಹೋಯ್ತೀನಿ.’

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಆಡಿರ್ಲಿಲ್ಲ ಶೈಲಾ. ಅವರು ಆಚೆ ಹೋದ್ರು. ಹುಡುಗ್ರನ್ನ ಎಬ್ಬಿಸಿ ಕಳಿಸಿದ ಶಬ್ದ ಕೇಳಿಸ್ತು. ಮಾರನೇ ದಿನ ಹಬ್ಬದ ಎಣ್ಣೆ ನೀರು ಹಾಕ್ಕಂಡು ಬಂದು, ತಲೆ ಒರೆಸ್ಕಂತಾ, ನನ್ನ ಮುಖ ನೋಡ್ದೆ ಅಂದ್ರು:

‘ಎಂಟು ಸಾವಿರ ಹಾಕು.’

‘ಐದು’ ಅಂದೆ.

‘ಆರು ಕಣಮ್ಮೀ, ಕಾರ್ತೀಕ ಮಾಸ, ಮದುವೆಗಳು ಜಾಸ್ತಿ.’

ಆರಕ್ಕೆ ಒಪ್ಪಿದೀನಿ.

ನಿನ್ನೆ ನಾನೇ ಎಲ್ಲಾ ರೂಮಿಗೂ ಹೋಗಿ ಏರಿಸಿದ್ದ ಬಾಡಿಗೆ ಇಳಿಸಿದೀನಿ. ಆಗಸ್ಟಿನಿಂದ ಇಸ್ಕಂಡಿದ್ದನ್ನೂ ವಾಪಸ್ ಕೊಟ್ಟೆ. ಪರಮಾನಂದ ಬೇಡ ಬೇಡ ಅಂದ. ಜೇಬಿಗೆ ತುರುಕಿ, ‘ಭಾನುವಾರ ಬಂದು ನಿಮ್ಮ ಲೆಕ್ಕ ತುಂಬಪ್ಪಾ, ಅಂಗೇ ನಮ್ಮನೇಲೇ ತಿಂಡಿ ತಿನ್ನು’ ಅಂದೆ. ಬತ್ತೀನಿ ಅಂದವ್ನೆ.

‘ಎಂಟು ಗುಂಟೆ’ ಡಬ್ಬಿ ಬೋಳಾಯ್ತು. ನನ್ನ ಹಾಲಿನ ದುಡ್ಡು, ಈಗ ಉಳಿಯೋದು ಸೇರಿದ್ರೂ ಡಿಸೆಂಬರಿಗೆ ಐವತ್ತು ಸಾವಿರ ದಾಟಲ್ಲ. ಜಾಗ ಉಳಿಯಲ್ವೇನೋ. ಆದ್ರೂ ನಿನ್ನೆ ಚೆನ್ನಾಗಿ ನಿದ್ದೆ ಬಂತು.

ಮಗು ಮೂಗು ಯಾರ ತರ ಅಂತ ನೀನು ಬರೀಲೇ ಇಲ್ಲ.

ಭಾಗ್ಯಕ್ಕ


ಅಮೀನಗಡ
14-11-2011

ಭಾಗ್ಯಕ್ಕಾರ,

ಮೂಗು ನಂದು. ಕಿವಿ ಅವರಪ್ಪಂದು. ದನಿ ಮಾತ್ರ ಯಾರದಂತ ತಿಳೀವಲ್ದು, ಓಣಿ ತುಂಬ ಕೇಳತೈತಿ.

ನಿಮ್ಮ ಪತ್ರ ಓದಿ ಅತ್ತೆ. ಆಮ್ಯಾಲೆ ಮರ್ಯಾದಿ ಡಬ್ಬಿಗೆ ಬಂದಾಗ ನಗು ತಡೀಲಾಗಲಿಲ್ಲ, ಕೂಸು ಎಚ್ಚರಾತು. ಇಷ್ಟು ವರ್ಷ ಲೆಕ್ಕದ ಕೆಲಸ ಮಾಡೀನಿ, ಇಂಥಾ ಡಬ್ಬಿ ನನಗ ಹೊಳೆದಿರಲಿಲ್ಲ.

ಈಗ ಕೆಲಸದ ಮಾತು. ಇದು ಉಪಕಾರ ಅಲ್ಲ, ವ್ಯವಹಾರ. ನಿಮ್ಮ ಮ್ಯಾಲಿನ ಮನಿ ಬೀಗ ಹಾಕಿ ಇಟ್ಟೀರಿ. ದೀಪು ಮದುವಿಗೆ ಬೇಕು ಅಂತ. ದೀಪುಗ ಈಗ ಹದಿನಾರು. ಇನ್ನೂ ಹತ್ತು ವರ್ಷ ಆ ಮನಿ ಧೂಳು ಕುಡೀತೈತಿ. ಅದನ್ನ ನಮಗ ಲೀಸಿಗೆ ಕೊಡ್ರಿ. ನಮ್ಮ ಡಬ್ಬಿಯೊಳಗ ಒಂದು ಲಕ್ಷ ಹತ್ತು ಸಾವಿರ ಐತಿ. ಕೂಸಿಗೆ ಬಂಗಾರ ಹಾಕೋ ಬದಲಿ ರೊಕ್ಕ ಕೊಡು ಅಂತ ನಮ್ಮಪ್ಪನ್ನ ಕೇಳೀನಿ, ಹೂಂ ಅಂದಾನ. ಒಂದೂವರೆ ಲಕ್ಷ ಆಗತೈತಿ. ಅದಕ್ಕ ನಿಮ್ಮ ಐವತ್ತು ಸೇರಿಸ್ರಿ.

ಎರಡು ಕರಾರು. ಒಂದು, ಛಾಪಾ ಕಾಗದದ ಮ್ಯಾಲೆ ಮೂರು ವರ್ಷಕ್ಕ ಬರೀಬೇಕು. ನಮ್ಮ ಖೋಲಿ ಖಾಲಿ ಆಗತೈತಿ, ಅದನ್ನ ಬ್ಯಾರೆಯವರಿಗೆ ಕೊಡ್ರಿ, ಬಾಡಿಗಿ ನಿಲ್ಲೂದಿಲ್ಲ. ಇನ್ನೊಂದು, ಲೀಸ್ ರೊಕ್ಕ ನಿಮ್ಮದಲ್ಲ, ಒಂದು ದಿನ ನಮಗ ತಿರುಗಿ ಕೊಡೋದು. ಅದಕ್ಕ ಇವತ್ತ ಒಂದು ಡಬ್ಬಿ ತಗೀರಿ, ತಿಂಗಳ ತಿಂಗಳ ಹಾಕಕೋತ ಹೋಗ್ರಿ. ಅದನ್ನ ನಾನು ಮ್ಯಾಲಿಂದ ಇಳದು ಬಂದು ನೋಡಾಕಿ.

ನಿಮ್ಮ ಮನಿಯವರನ್ನ ಒಪ್ಪಿಸೋದು ನಿಮ್ಮ ಕೈಯಾಗ.

ನಿಮ್ಮ
ಶೈಲಾ


ಪಟ್ಟಂದೂರು ಅಗ್ರಹಾರ
23-12-2011

ಶೈಲಾ, ಕೂತ್ಕಂಡು ಓದು, ಮಗೀನ ಯಾರ ಕೈಲಾದ್ರೂ ಕೊಡು.

ನಮ್ಮೋರು ಮೊದ್ಲು ಹಾರಾಡಿದ್ರು. ‘ಸೊಸೆ ಬರೋ ಮನೆ ಅದು!’ ಅಂತ. ದೀಪು ಇದ್ದೋನು, ‘ಅಪ್ಪಾ, ನಾನಿನ್ನೂ ಪಿಯುಸಿ ಫಸ್ಟ್ ಇಯರ್ರು, ಮಾನ ತೆಗೀಬೇಡಿ’ ಅಂದ. ಅಷ್ಟಕ್ಕೇ ಮುಗೀತು. ಪರಮಾನಂದ ಛಾಪಾ ಕಾಗದ ತಂದ, ನನ್ನ ಹೆಸರೂ ಹಾಕಿಸ್ದ. ಆ ಹುಡುಗ ಮಾತಾಡಲ್ಲ ಅಂದ್ಕಂಡಿದ್ದೆ. ಸೈನ್ ಮಾಡೋವಾಗ, ‘ಓದಿ ಮಾಡ್ರಿ ಅಕ್ಕಾರ’ ಅಂತ ಸಾಲು ಸಾಲೂ ಓದಿಸ್ದ!

ಈ ಎರಡು ತಿಂಗಳಲ್ಲಿ ಮನೇಲಿ ಏನಾಗೈತೆ ಗೊತ್ತಾ? ಮೊದಲ್ನೇ ವಾರದಲ್ಲೇ ಅವರ ಡಬ್ಬಿ ಖಾಲಿ. ಎರಡು ದಿನ ಮುಖ ಗಂಟು ಹಾಕ್ಕಂಡಿದ್ರು. ಈ ತಿಂಗಳು ಲೆಕ್ಕಾಚಾರ ನೋಡ್ಬೇಕಿತ್ತು. ಯಾರೋ ಗೃಹಪ್ರವೇಶದ ಕಾರ್ಡು ಕೊಟ್ರೆ ಒಳಗೆ ಬಂದು, ‘ಅಮ್ಮೀ, ನಂದು ಎಷ್ಟು ಉಳಿದೈತೆ?’ ಅಂತ ಕೇಳ್ತಾರೆ. ಬೆಳ್ಳಿ ಲೋಟ ಹೋಗಿ ಸ್ಟೀಲ್ ಡಬರಿ ಆಯ್ತು. ಯಾರೂ ಬಾಗಿಲಿಂದ ಆಚೆಗೆ ತಳ್ಳಿಲ್ಲ, ಊಟಕ್ಕೆ ಮೊದಲಿನಂಗೇ ಮುಂದೇನೇ ಕೂರಿಸಿದ್ರಂತೆ. ಅದು ಅವರಿಗೇ ಆಶ್ಚರ್ಯ!

ನಿನ್ನೆ ಇಬ್ಬರೂ ನಂಜಪ್ಪನ ಆಫೀಸಿಗೆ ಹೋದ್ವಿ. ದುಡ್ಡು ನನ್ನ ಬ್ಯಾಗಲ್ಲಿ. ಅವನು ಎಳನೀರು ತರಿಸ್ದ. ನಾನು ಕುಡೀಲಿಲ್ಲ. ಟೋಕನ್ ವಾಪಸ್ ಅಂದಾಗ ಅವನಿಗೆ ನಂಬಿಕೇನೇ ಬರ್ಲಿಲ್ಲ. ‘ರಾಮಾಂಜಣ್ಣ, ದುಡುಕಬೇಡ. ಗುಂಟೆಗೆ ಐವತ್ತು ಸಾವಿರ ಜಾಸ್ತಿ ಕೊಡಿಸ್ತೀನಿ, ಈಗ್ಲೇ ಪಾರ್ಟಿಗೆ ಫೋನ್ ಮಾಡ್ತೀನಿ’ ಅಂತ ಮೊಬೈಲ್ ತೆಗೆದ.

ನಮ್ಮೋರು ಎಳನೀರು ಕೈಲೇ ಹಿಡ್ಕಂಡು ಅವನ ಮೊಬೈಲ್ ಕಡೆ ನೋಡಿದ್ರು. ಅಷ್ಟು ದುಡ್ಡಿನ ಮಾತು ಕೇಳಿದ್ರೆ ಅವರ ಕಣ್ಣು ಎಂಗಾಯ್ತದೆ ಅಂತ ನಂಗೆ ಗೊತ್ತು. ಹೇಳೋದೆಲ್ಲ ಮನೇಲೇ ಹೇಳಿ ಆಗಿತ್ತು.

ನಂಜಪ್ಪ ನನ್ನ ಕಡೆ ನೋಡಿ ನಕ್ಕ. ‘ಹೆಂಗಸ್ರ ಮಾತು ಕಟ್ಕಂಡು ಕೆಡ್ತೀಯ ಕಣಣ್ಣ.’

ಆಗ ಇವರು ಎಳನೀರು ಕೆಳಗಿಟ್ರು. ‘ಮಾತಲ್ಲ ಕಣಯ್ಯಾ ನಂಜಪ್ಪ, ಲೆಕ್ಕ. ನೀನು ಕೊಡಿಸೋ ದುಡ್ಡು ನನ್ನ ಕೈಲಿ ಎಷ್ಟು ದಿನ ಇರ್ತದೆ ಅಂತ ನಂಗೀಗ ಗೊತ್ತು. ಇದು ಎಣ್ಸ್ಕೋ’ ಅಂದು ನನ್ನ ಕಡೆ ಕೈ ಚಾಚಿದ್ರು.

ಕಟ್ಟು ಕೊಟ್ಟೆ. ಅವನು ಎರಡು ಸಲ ಎಣಿಸ್ದ. ಅಗ್ರಿಮೆಂಟು ಕಾಗದ ಇಸ್ಕಂಡು, ಅವನ ಮುಂದೇನೇ ಹರಿದು, ಚೂರನ್ನ ಬ್ಯಾಗಿಗೆ ಹಾಕ್ಕಂಡು ಬಂದೆ. ಆಚೆ ಬಂದ್ರೆ ಅದೇ ಟ್ರಾಫಿಕ್ಕು, ಅದೇ ಧೂಳು, ನಂಗೆ ಮಾತ್ರ ಕೂಗಬೇಕು ಅನ್ನಿಸ್ತು. ಬಸ್ ಸ್ಟಾಪಲ್ಲಿ ಇವರು ಹುರಿದ ಕಡ್ಲೆಕಾಯಿ ಪೊಟ್ಟಣ ತಂದು ನನ್ನ ಕೈಲಿಟ್ರು. ನಾನು ಬಾಯಿ ತೆಗೆಯೋದ್ರೊಳಗೆ ‘ನನ್ನ ಡಬ್ಬೀದು ಕಣಮ್ಮಿ’ ಅಂದ್ರು.

ಜಾಗ ಉಳೀತು ಶೈಲಾ.

ನಿನ್ನ
ಭಾಗ್ಯಕ್ಕ


ಅಮೀನಗಡ
3-1-2012

ಅಕ್ಕಾರ,

ಓಣಿ ಮಂದಿಗೆಲ್ಲಾ ಓದಿ ಹೇಳೀನಿ. ನಂಜಪ್ಪ ಎರಡು ಸಲ ಎಣಿಸಿದ್ದು ಬಂದಾಗ ನಮ್ಮವ್ವ ಚಪ್ಪಾಳಿ ತಟ್ಟಿದ್ಲು. ‘ಆಕಿನ್ನ ಒಮ್ಮೆ ನೋಡಬೇಕು’ ಅನ್ನಾಕತ್ತಾಳ, ನನ್ನ ಸಂಗಾಟ ಬರಾಕಿ ಅದಾಳ. ಇಪ್ಪತ್ತೆಂಟನೇ ತಾರೀಕು ಮುಂಜಾನಿ ಇಳೀತೀವಿ.

ಮ್ಯಾಲಿನ ಮನಿ ನಳ ಸೋರತಿದ್ರ ಈಗ ಮಾಡಿಸ್ರಿ. ಅದು ಮಾಲಕರ ಖರ್ಚು!

ಶೈಲಾ


ಪಟ್ಟಂದೂರು ಅಗ್ರಹಾರ
18-1-2012

ಶೈಲಾಗೆ ಆಶೀರ್ವಾದ.

ನಲ್ಲಿ ಮಾಡಿಸಾಯ್ತು ಮಾಲಕೀ, ಸುಣ್ಣಾನೂ ಹೊಡೆಸಿದೀನಿ. ನಿಮ್ಮವ್ವನಿಗೆ ರಾಗಿ ಮುದ್ದೆ ಇಳೀತದಾ ಕೇಳು, ಇಲ್ದಿದ್ರೆ ಹೊಳೆವ್ವ ರೊಟ್ಟಿ ಬಡಿದು ಕೊಡ್ತಾಳಂತೆ. ಸಂಜೆ ಕೆಲಸ ಬಿಟ್ಟವ್ಳೆ ಅವಳು, ಮಗಳ ಜೊತೆ ಕುಂತಿರ್ತಾಳೆ.

ಒಂದು ವಿಷಯ ಹೇಳಿ ಮುಗಿಸ್ತೀನಿ. ಇವತ್ತು ಬೆಳಿಗ್ಗೆ ಕೊಟ್ಟಿಗೇಲಿ ಹಾಲು ಕರೀತಿದ್ದೆ. ಜಗಲಿ ಮೇಲೆ ಮಾತು ಕೇಳಿಸ್ತು. ದೊಡ್ಡಮುನಿಯಪ್ಪನೋರು, ಅವರ ಜೊತೆ ಇನ್ನಿಬ್ರು. ಎಲ್ಲಾ ನಮ್ಮಂಗೇ ಹೊಲ ಕೊಟ್ಟು ಬಾಡಿಗೆ ಮನೆ ಕಟ್ಟಿರೋರು, ಊರಿನ ದೊಡ್ಡ ತಲೆಗಳು. ಚಂದಾ ಕೇಳಕ್ಕೆ ಬಂದವ್ರೆ ಅಂದ್ಕಂಡೆ. ದೊಡ್ಡಮುನಿಯಪ್ಪನೋರು, ‘ರಾಮಾಂಜಿ, ನಂಜಪ್ಪನ ದುಡ್ಡು ವಾಪಸ್ ಎಸೆದ್ಯಂತಲ್ಲಪ್ಪ. ನಮ್ಮ ಮನೇಲೂ ಬಂದಿದ್ದು ನಿಲ್ತಾ ಇಲ್ಲ. ಅದೇನೋ ಕಂಪ್ಯೂಟರಲ್ಲಿ ಡಬ್ಬಿ ಅಂತೆ, ತೋರಿಸಪ್ಪ’ ಅಂದ್ರು.

ಇವರು ಹೇಳಿದ್ರು, ‘ನಂಗೇನು ಗೊತ್ತು ಯಜಮಾನ್ರೇ. ನಾನೇ ಅವಳ ಹತ್ರ ಕೇಳಿ ಇಸ್ಕಳೋನು. ಅವಳು ಬತ್ತಾಳೆ, ಅವಳನ್ನೇ ಕೇಳಿ.’

ನಾನು ಬಕೀಟು ಹಿಡ್ಕಂಡು ಬಂದೆ. ಕೈಯೆಲ್ಲಾ ಹಾಲಿನ ನೊರೆ, ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿದ್ದೆ. ಜಗಲಿ ಮೇಲೆ ಕುಂತಿದ್ದ ಮೂರು ಜನಾನೂ ಎದ್ದು ನಿಂತ್ಕಂಡ್ರು ಶೈಲಾ.

‘ಕೂತ್ಕಳಿ, ಡೈರಿಗೆ ಹಾಲು ಹಾಕಿ ಬತ್ತೀನಿ’ ಅಂದೆ.

ಬರೋವರ್ಗೂ ಕೂತಿದ್ರು.

ನಿನ್ನ
ಭಾಗ್ಯಕ್ಕ